ದೋಣಿಯ ನಂಬರ್ ಕಾಣುವಂತಿರಲಿ



ನಮ್ಮ ಶಾಲೆಯ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಗೆ ಅನ್ನ ಬರುವುದು ಕಡಲಿಂದ. ಆದರೆ ನಿಮ್ಮ ಮನೆ ದೋಣಿಯ ನಂಬರ್ ಎಷ್ಟು ಅಂತ ಕೇಳಿದರೆ ಎಷ್ಟು ಮಂದಿ ಹೇಳುತ್ತೀರಿ? ಬೈಕಿನ ನಂಬರ್ ಎಲ್ಲರಿಗೂ ಬಾಯಿಪಾಠ. ದೋಣಿಯದ್ದು ಗೊತ್ತಿಲ್ಲ. ಹೋದ ಮಳೆಗಾಲದವರೆಗೆ ನನಗೂ ಗೊತ್ತಿರಲಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಸಣ್ಣ ಎಂಜಿನ್ನಿನ ನಾಡದೋಣಿಗಳು ಮಾತ್ರ ಹೋಗಬಹುದು. ಆ ದಿನಗಳಲ್ಲೇ ಒಂದು ಸಂಜೆ ನನ್ನ ಮಾವನ ದೋಣಿಯ ಎಂಜಿನ್ ಕೆಟ್ಟಿತು. ಮಾವನ ಮೊಬೈಲಿನಿಂದ ಒಂದೇ ಒಂದು ಕರೆ ಬಂತು, ಅದೂ ಅರ್ಧಕ್ಕೇ ಕಡಿಯಿತು. ನಾವು ಸಹಾಯಕ್ಕೆ ಫೋನ್ ಮಾಡಿದೆವು. ಆಚೆಯವರು ಮೊದಲು ಕೇಳಿದ್ದು, "ದೋಣಿ ನಂಬರ್ ಎಷ್ಟು?" ಅತ್ತೆ, "ನೀಲಿ ಬಣ್ಣದ್ದ್, ಬಿಳಿ ಪಟ್ಟಿ ಇತ್ತ್" ಅಂದರು. ನಮ್ಮೂರಲ್ಲಿ ನೀಲಿ ಬಣ್ಣಕ್ಕೆ ಬಿಳಿ ಪಟ್ಟಿ ಇಲ್ಲದ ದೋಣಿ ಯಾವುದು ಹೇಳಿ! ಕಪಾಟಿನಲ್ಲಿ ಇದ್ದದ್ದೆಲ್ಲ ಕೆಳಗೆ ಹಾಕಿ ಕಾಗದ ಹುಡುಕಿದೆವು. ಮುಕ್ಕಾಲು ಗಂಟೆ ಕಳೆದ ಮೇಲೆ ರೇಶನ್ ಕಾರ್ಡಿನ ಕವರಿನೊಳಗೆ ಸಿಕ್ಕಿತು. ಅಷ್ಟರಲ್ಲಿ ಪಕ್ಕದೂರಿನ ದೋಣಿಯವರು ಮಾವನನ್ನು ಕಂಡು, ಹಗ್ಗ ಕಟ್ಟಿ ಎಳೆದು ತಂದರು. ದೇವರು ದೊಡ್ಡವನು. ಆದರೆ ಆ ಮುಕ್ಕಾಲು ಗಂಟೆ ಅತ್ತೆಯ ಮುಖ ನೋಡಿದವಳು ನಾನು.

1986ರ ಕರ್ನಾಟಕ ಸಮುದ್ರ ಮೀನುಗಾರಿಕೆ (ನಿಯಂತ್ರಣ) ಕಾಯ್ದೆಯ ಪ್ರಕಾರ ದೋಣಿಗೆ ನೋಂದಣಿ ಬೇಕು, ಮೀನು ಹಿಡಿಯಲು ಲೈಸೆನ್ಸೂ ಬೇಕು. ಒಂದಿದ್ದರೆ ಇನ್ನೊಂದು ಬೇಡ ಅಂತ ಅಲ್ಲ. ನೋಂದಣಿ ಆದ ಮೇಲೆ ಸಿಗುವ ನಂಬರಿನಲ್ಲಿ ಮೊದಲು ಐ.ಎನ್.ಡಿ., ಅಂದರೆ ಭಾರತ. ಆಮೇಲೆ ಕೆ.ಎ., ನಮ್ಮ ರಾಜ್ಯ. ಅದರ ಮುಂದೆ ನೋಂದಣಿ ಆದ ಕಡೆಯ ಅಂಕಿ. ನಂತರ ಎಂ.ಎಂ. ಇದ್ದರೆ ಯಾಂತ್ರೀಕೃತ ಬೋಟು, ಎಂ.ಒ. ಇದ್ದರೆ ಮೋಟಾರು ಕೂರಿಸಿದ ದೋಣಿ. ಕೊನೆಗೆ ದೋಣಿಯ ಸ್ವಂತ ಅಂಕಿ. ಸಬ್ಸಿಡಿಯ ಸೀಮೆಎಣ್ಣೆ ಬೇಕಾದರೂ ಈ ದಾಖಲೆ ಬೇಕು. ಹಾಗಾಗಿ ಕಾಗದ ಎಲ್ಲರ ಮನೆಯಲ್ಲೂ ಇದೆ. ದೋಣಿಯ ಮೇಲೆ ಮಾತ್ರ ನಂಬರ್ ಕಾಣುವುದಿಲ್ಲ!

ಇದನ್ನು ಹೇಳಿದ್ದಕ್ಕೆ ಅಜ್ಜಯ್ಯ ನಕ್ಕರು. "ನಮ್ ದೋಣಿ ನಮ್ಗ್ ಗೊತ್ತಾತಿಲ್ಯಾ ಹೆಣೆ, ನಂಬ್ರ್ ಎಂತಕೆ?" ಅಂದರು. ಅಜ್ಜಯ್ಯನ ಮಾತು ಸುಳ್ಳಲ್ಲ. ದಡದಲ್ಲಿ ಕೂತು ದೋಣಿಯ ಮೂತಿ ನೋಡಿಯೇ ಅದು ಯಾರದ್ದು ಅಂತ ಅವರು ಹೇಳುತ್ತಾರೆ. ಆದರೆ ಕಡಲಿಗೆ ನಮ್ಮೂರಿನ ಗಡಿ ಇಲ್ಲವಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ 'ಸುವರ್ಣ ತ್ರಿಭುಜ' ಬೋಟು ಏಳು ಜನರೊಂದಿಗೆ ಕಾಣೆಯಾಯಿತು. ಅದರ ಅವಶೇಷ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರದ ತಳದಲ್ಲಿ. ಅಷ್ಟು ದೂರದ ಜನರಿಗೆ ನಮ್ಮ ದೋಣಿಯ ಮೂತಿಯ ಗುರುತು ಹೇಗೆ ಸಿಗಬೇಕು?

ನಮ್ಮ ತರಗತಿಯ ಒಬ್ಬ ಇನ್ನೊಂದು ಮಾತು ಹೇಳಿದ. 2008ರಲ್ಲಿ ಮುಂಬೈಗೆ ಬಂದ ಉಗ್ರರು ಪೋರಬಂದರಿನ 'ಕುಬೇರ್' ಬೋಟನ್ನೇ ಅಪಹರಿಸಿ ಬಂದಿದ್ದರಲ್ಲ, ನಂಬರ್ ಇದ್ದು ಏನಾಯಿತು ಅಂತ. ಸರಿಯಾದ ಪ್ರಶ್ನೆಯೇ. ದೋಣಿಯ ಗುರುತು ಬೇರೆ, ಅದರಲ್ಲಿ ಕೂತವರ ಗುರುತು ಬೇರೆ. ಮೀನುಗಾರರಿಗೆ ಗುರುತಿನ ಚೀಟಿ ಕೊಡುವುದು ಅದಕ್ಕೇ. ಹಾಗಂತ ದೋಣಿಯ ನಂಬರ್ ಅಳಿಸಿಹೋಗಲಿ ಅನ್ನಲಿಕ್ಕಾಗುತ್ತದಾ?

ಹೋದ ಭಾನುವಾರ ನಾನು ದಡದಲ್ಲಿ ನಿಂತು ನೋಡಿದೆ. ಕೆಲವು ದೋಣಿಗಳಲ್ಲಿ ನಂಬರಿನ ಮೇಲೇ ಬಲೆ ಇಳಿಬಿಟ್ಟಿದ್ದರು. ಕೆಲವದರಲ್ಲಿ ಉಪ್ಪುನೀರಿಗೆ ಬಣ್ಣ ಸಿಪ್ಪೆ ಎದ್ದು 8 ಹೋಗಿ 3 ಆಗಿತ್ತು. ನಮ್ಮೂರ ಪೇಂಟರ್ ಅಣ್ಣ ದೇವರ ಹೆಸರು ಎಷ್ಟು ಚಂದ ಬರೆಯುತ್ತಾರೆ, ಸುತ್ತ ಹೂವಿನ ಬಳ್ಳಿ ಬೇರೆ! ಅದೇ ಕೈ ನಂಬರಿಗೆ ಬಂದಾಗ ಯಾಕೆ ಅವಸರ ಮಾಡುತ್ತದೋ. ದೇವರ ಹೆಸರು ಇರಲಿ, ಹೂವೂ ಇರಲಿ. ನಂಬರ್ ಮಾತ್ರ ಮೂತಿಯ ಎರಡೂ ಬದಿಯಲ್ಲಿ, ಕಡು ಬಣ್ಣದ ಮೇಲೆ ಬಿಳಿಯಲ್ಲಿ, ಬಳುಕಿಲ್ಲದ ದಪ್ಪ ಅಕ್ಷರದಲ್ಲಿ ಇರಬೇಕು ಅಂತ ನನ್ನ ಅನಿಸಿಕೆ. ಕ್ಯಾಬಿನ್ ಇರುವ ಬೋಟಾದರೆ ಅದರ ಮಾಡಿನ ಮೇಲೂ ಬರೆಯಬೇಕು. ಹೆಲಿಕಾಪ್ಟರಿನಲ್ಲಿ ಹುಡುಕುವವರಿಗೆ ಮಾಡೇ ತಾನೇ ಕಾಣುವುದು? ಇನ್ನೊಂದು ಆಸೆ. ಹೊರಗೆ ಇಂಗ್ಲಿಷ್ ಇರಲೇಬೇಕು, ಬೇಡ ಅನ್ನುವುದಿಲ್ಲ. ಮನೆಯಲ್ಲಿ ಕನ್ನಡದಲ್ಲೂ ಬರೆದಿಟ್ಟರೆ ಫೋನಿನಲ್ಲಿ ಹೇಳಲು ಅತ್ತೆಯಂಥವರಿಗೆ ಅನುಕೂಲ.

ನಮ್ಮ ಮನೆಯ ಕ್ಯಾಲೆಂಡರಿನ ಪಕ್ಕ ಗೋಡೆಯ ಮೇಲೆ ಮಾವನ ದೋಣಿಯ ನಂಬರ್ ಬರೆದಿದ್ದೇನೆ. ಅದರ ಕೆಳಗೆ ಕರಾವಳಿ ಕಾವಲು ಪಡೆಯ 1554 ಕೂಡ. ಹೊಸ ಸುಣ್ಣ ಹಾಳು ಮಾಡಿದೆ ಅಂತ ಅಮ್ಮ ಬೈದರು. ಮಾವ ಏನೂ ಹೇಳಲಿಲ್ಲ. ಮರುದಿನ ಪೇಟೆಯಿಂದ ಬಿಳಿ ಬಣ್ಣದ ಡಬ್ಬಿ ತಂದರು. ಗೀಟು ಎಳೆದುಕೊಡುವ ಕೆಲಸ ನನ್ನದು.

ಈ ಪತ್ರಿಕೆಯ ಕೆಳಗೆ ಒಂದು ಖಾಲಿ ಹಾಳೆ ಅಂಟಿಸಿದ್ದೇನೆ, ಪೆನ್ಸಿಲನ್ನೂ ನೂಲಿನಲ್ಲಿ ಕಟ್ಟಿದ್ದೇನೆ. ನಿಮ್ಮ ಮನೆ ದೋಣಿಯ ನಂಬರ್ ಕೇಳಿಕೊಂಡು ಬಂದು ಬರೆಯಿರಿ. ಮೊದಲನೇ ಸಾಲಿನಲ್ಲಿ ಮಾವನ ದೋಣಿಯದ್ದು ಇದೆ.

– 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ