ಮುದ್ರೆ ಇಲ್ಲದ ಹಲಗೆ

ವಜ್ರಳ್ಳಿಯ ನಮ್ಮ ಮನೆಯ ಬಚ್ಚಲ ಒಲೆಗೆ ಹೊಟ್ಟೆ ದೊಡ್ಡದು. ಒಣ ಸೋಗೆ, ತೆಂಗಿನ ಗರಟೆ, ಮುರಿದ ಕುರ್ಚಿಯ ಕಾಲು, ಏನು ಕೊಟ್ಟರೂ ನುಂಗುತ್ತದೆ. ಹೋದ ವರ್ಷ ಚಾವಣಿಗೆ ಸೋಲಾರ್ ಫಲಕ ಬಂದಾಗ, ಅದರಡಿಯಲ್ಲಿದ್ದ ಮರದ ಚೌಕಟ್ಟನ್ನೂ ಒಲೆಗೆ ಹಾಕಲು ಕೊಡಲಿ ಎತ್ತಿದ್ದೆ. ಏಳನೇ ತರಗತಿಯ ಮೊಮ್ಮಗಳು ಓಡಿ ಬಂದು ತಡೆದಳು.

"ಅಜ್ಜ, ಇದು ಪ್ಯಾಲೆಟ್! ಇದರಲ್ಲಿ ಬೆಂಚು, ಪುಸ್ತಕದ ಗೂಡು, ಹೂಕುಂಡದ ಸ್ಟ್ಯಾಂಡು ಎಲ್ಲ ಮಾಡಿ ಮಾರ್ತಾರೆ."

ಪ್ಯಾಲೆಟ್ ಅಂದರೆ ಸರಕಿನ ಅಡಿಗೆ ಇಡುವ ಮರದ ಹಾಸು, ಮಕ್ಕಳೇ. ಮೇಲೂ ಕೆಳಗೂ ಹಲಗೆ, ನಡುವೆ ಸಂದಿ. ಆ ಸಂದಿಗೆ ಫೋರ್ಕ್‌ಲಿಫ್ಟ್ ಗಾಡಿ ತನ್ನ ಎರಡು ಕಬ್ಬಿಣದ ಬೆರಳು ತೂರಿಸಿ ಇಡೀ ಹೊರೆ ಎತ್ತುತ್ತದೆ. ಸರಕು ಇಳಿದ ಮೇಲೆ ಇದನ್ನು ಕೇಳುವವರಿಲ್ಲ.

ಆದರೆ ಜಗಲಿ ಇರುವ ಊರಿನಲ್ಲಿ ಬೆಂಚು ಯಾರಿಗೆ ಬೇಕು? ಇಲ್ಲಿ ಬೇಕಾದದ್ದು ಮಿಸ್ರಿ ಜೇನಿನ ಪೆಟ್ಟಿಗೆ. ಗೋಡೆಯ ಬಿರುಕಲ್ಲಿ ಗೂಡು ಕಟ್ಟುವ, ಸೊಳ್ಳೆಯಷ್ಟೇ ಸಣ್ಣ, ಚುಚ್ಚದ ಜೇನು ಅದು. ತುಡುವೆ ಜೇನಿನ ಪೆಟ್ಟಿಗೆಗೆ ಅಗಲ ಹಲಗೆ, ಕರಾರುವಾಕ್ಕಾದ ಅಳತೆ ಬೇಕು. ಮಿಸ್ರಿಗೆ ಪುಟ್ಟ ಪೆಟ್ಟಿಗೆ ಸಾಕು.

ಊರಿನ ಆಚಾರಿಯನ್ನು ಕರೆದೆ. ರೆಡಿಮೇಡ್ ಬಾಗಿಲು ಬಂದಮೇಲೆ ಅವನ ಉಳಿಗೆ ಕೆಲಸ ಕಡಿಮೆ. ಮೊಮ್ಮಗಳು ಲೆಕ್ಕ ಹಾಕಿದಳು: ಮೇಲೆ ಏಳು, ಕೆಳಗೆ ಐದು, ಒಟ್ಟು ಹನ್ನೆರಡು ಹಲಗೆ. ಒಂದೊಂದೂ ನಾಲ್ಕು ಅಡಿ ಉದ್ದ, ನಾಲ್ಕು ಅಂಗುಲ ಅಗಲ. ಒಂದು ಹಲಗೆಯನ್ನು ನಾಲ್ಕು ತುಂಡು ಮಾಡಿದರೆ ಪೆಟ್ಟಿಗೆಯ ನಾಲ್ಕು ಮೈ. ಹತ್ತು ಹಲಗೆಗೆ ಹತ್ತು ಪೆಟ್ಟಿಗೆ, ಉಳಿದ ಎರಡರಲ್ಲಿ ಎಲ್ಲದಕ್ಕೂ ಹಿಂದು-ಮುಂದಿನ ಮುಚ್ಚಳ!

ಕಾಗದದಲ್ಲಿ ಹತ್ತು. ಮೊಳೆ ಕೀಳುವಾಗ ಮೂರು ಹಲಗೆ ಸೀಳಿದವು, ಆದದ್ದು ಏಳು. ಮೊಳೆಯನ್ನು ಎಳೆಯಬಾರದು, ಸಂದಿಯಲ್ಲಿ ಗರಗಸದ ಅಲಗು ತೂರಿಸಿ ಕೊಯ್ಯಬೇಕು ಎಂದು ಆಮೇಲೆ ಕಲಿತೆವು. ಆ ಏಳೂ ಮಾರಾಟವಾದವು. ಆಚಾರಿಗೆ ಕೂಲಿ ಕೊಟ್ಟು ಮೊಮ್ಮಗಳ ಡಬ್ಬಿಗೂ ನಾಲ್ಕು ಕಾಸು ಬಿತ್ತು.

ನನಗೆ ಆಸೆ ಹತ್ತಿತು. ಪೇಟೆಯಲ್ಲಿ ಒಂದು ಅಂಗಡಿಯ ಹಿಂದೆ ಬಿದ್ದಿದ್ದ ಇನ್ನೊಂದು ಪ್ಯಾಲೆಟ್ಟನ್ನು ಕೇಳಿ ತಂದೆ. ಅದರ ಮೊದಲ ಪೆಟ್ಟಿಗೆಯನ್ನು ಪಕ್ಕದ ಮನೆಯ ಅಕ್ಕ ಕೊಂಡು, ಕೊಟ್ಟಿಗೆಯ ಗೋಡೆಯಲ್ಲಿದ್ದ ಜೇನನ್ನು ಜೋಪಾನವಾಗಿ ಅದಕ್ಕೆ ಕೂಡಿಸಿದರು. ವಾರ ಕಳೆಯುವುದರೊಳಗೆ ಬಾಗಿಲಲ್ಲಿ ಸತ್ತ ಹುಳಗಳ ರಾಶಿ. ಅವರ ಅತ್ತೆಯ ಕಾಲದಿಂದ ಇದ್ದ ಗೂಡು ಅದು. ಪೆಟ್ಟಿಗೆ ಬಿಚ್ಚಿ ಬಿಸಿಲಿಗಿಟ್ಟು ಮೂಸಿದೆ. ಹಲಗೆಯಿಂದ ಘಾಟು ವಾಸನೆ!

ಮೊಮ್ಮಗಳು ಕೇಳಿದಳು: "ಅಜ್ಜ, ಇದಕ್ಕೆ ಮುದ್ರೆ ಇತ್ತಾ?"

ನಾನು ನೋಡಿರಲಿಲ್ಲ. ಮೊದಲ ಪ್ಯಾಲೆಟ್ಟಿನ ಬದಿಯಲ್ಲಿ ಗೋಧಿ ತೆನೆಯ ಚಿತ್ರ, ದೇಶದ ಎರಡಕ್ಷರ, 'ಎಚ್‌ಟಿ' ಎಂಬ ಗುರುತು ಇದ್ದವು. ಆ ಮುದ್ರೆಗೂ ಒಂದು ಕತೆಯಿದೆ. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಏಷ್ಯಾದ ಉದ್ದ ಮೀಸೆಯ ದುಂಬಿ ಕಾಣಿಸಿಕೊಂಡಿತು. ಚೀನಾದ ಸರಕಿನ ಮರದೊಳಗೆ ಕೂತು ಸಮುದ್ರ ದಾಟಿದ್ದ ಅದಕ್ಕಾಗಿ ಸಾವಿರಾರು ಮರ ಕಡಿಯಬೇಕಾಯಿತು. 2002ರಲ್ಲಿ ಅಂತರರಾಷ್ಟ್ರೀಯ ನಿಯಮ ಬಂತು: ದೇಶದಿಂದ ದೇಶಕ್ಕೆ ಸರಕಿನ ಜೊತೆ ಹೋಗುವ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಬೇಯಬೇಕು, ಇಲ್ಲವೇ ಅದಕ್ಕೆ ವಿಷದ ಹೊಗೆ ಕೊಡಬೇಕು. ಹಾಗೆ ಬೆಂದ ಮರಕ್ಕೆ 'ಎಚ್‌ಟಿ'. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟದ್ದು. ಅದು ಜೇನಿಗೂ ಬೇಡ, ಅಡುಗೆಮನೆಗೂ ಬೇಡ. ದೇಶದೊಳಗೇ ಓಡಾಡುವ ಪ್ಯಾಲೆಟ್‌ಗೆ ಮುದ್ರೆ ಇರಬೇಕೆಂದಿಲ್ಲ. ಇನ್ನು ಎಚ್‌ಟಿ ಇದ್ದರೂ ಆಮೇಲೆ ಅದರ ಮೇಲೆ ಏನು ಚೆಲ್ಲಿದೆಯೋ ಮುದ್ರೆ ಹೇಳುವುದಿಲ್ಲ. ಕಲೆ ನೋಡಬೇಕು, ಮೂಸಬೇಕು.

ಅಕ್ಕನಿಗೆ ದುಡ್ಡು ವಾಪಸು ಕೊಟ್ಟೆ. "ದುಡ್ಡು ಇರಲಿ ಮಾವ, ಜೇನು ಹೋಯ್ತಲ್ಲ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ನಮ್ಮ ಮನೆಯ ಗೂಡನ್ನು ಪಾಲು ಮಾಡಿ ಒಂದು ಪಾಲು ಅವರಿಗೆ ಕೊಟ್ಟೆವು. ಈಗ ಕೊಟ್ಟಿಗೆಯ ಮಾಡಿನಡಿ ಹುಳ ಹಾರಾಡುತ್ತಿವೆ.

ಮುದ್ರೆ ಇಲ್ಲದ ಹಲಗೆ ಈಗ ನಮ್ಮಲ್ಲಿ ಚಪ್ಪಲಿ ಸ್ಟ್ಯಾಂಡು, ಹೂಕುಂಡದ ಸ್ಟ್ಯಾಂಡು ಆಗುತ್ತದೆ. ಕಲೆ ಬಿದ್ದದ್ದು ಅದಕ್ಕೂ ಬೇಡ, ಒಲೆಗೂ ಬೇಡ. ವಿಷದ ಹೊಗೆ ಮನೆಯವರ ಮೂಗಿಗೇ ಬರುತ್ತದೆ. ಮೊಮ್ಮಗಳು ಪ್ರತಿ ಪೆಟ್ಟಿಗೆಯ ತಳದಲ್ಲಿ ಹಲಗೆ ಎಲ್ಲಿಂದ ಬಂತು, ಯಾವ ಮುದ್ರೆ ಇತ್ತು ಎಂದು ಬರೆದೇ ಕೊಡುತ್ತಾಳೆ. ಕೊಳ್ಳುವವರು ಮೊದಲು ಪೆಟ್ಟಿಗೆ ಮಗುಚಿ ಅದನ್ನೇ ಓದುತ್ತಾರೆ.

ಮಕ್ಕಳೇ, ಈ ವಾರ ಪೇಟೆಗೆ ಹೋದಾಗ ಒಂದು ಪ್ಯಾಲೆಟ್ ಹುಡುಕಿ, ಬದಿಯ ಮುದ್ರೆಯನ್ನು ಪಟ್ಟಿಯಲ್ಲಿ ಬರೆದುಕೊಳ್ಳಿ. ಮೊಳೆ ಮಾತ್ರ ನೀವು ಮುಟ್ಟಬೇಡಿ. ಅದು ಅಜ್ಜಂದಿರ ಕೆಲಸ.