ಪರದೇಶದ ದುಡ್ಡು ಬರಲಿ, ತಕ್ಕಡಿ ನಮ್ಮ ಕೈಲಿರಲಿ

ಶರಾವತಿ ಹಿನ್ನೀರಿನ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲಿ ತೆರೆಯಿತು. ಲಿಂಗನಮಕ್ಕಿ ಅಣೆಕಟ್ಟಾದ 1964ರಿಂದ ಲಾಂಚನ್ನೇ ನಂಬಿದ್ದ ತುಮರಿ ಭಾಗಕ್ಕೆ ಈಗ ಲಾರಿ ಸಲೀಸಾಗಿ ಬರುತ್ತದೆ. ಲಾರಿ ಬಂದಲ್ಲಿಗೆ ವ್ಯಾಪಾರಿಯೂ ಬರುತ್ತಾನೆ. ಆಹಾರ ಸಂಸ್ಕರಣೆಯಲ್ಲಿ ನೂರಕ್ಕೆ ನೂರು ವಿದೇಶಿ ಬಂಡವಾಳಕ್ಕೆ ನಮ್ಮ ದೇಶದಲ್ಲಿ ಅವಕಾಶವಿದೆ. ನಾಳೆ ಯಾವುದೋ ಕಂಪೆನಿಯವರು ಒಪ್ಪಂದದ ಕಾಗದ ಹಿಡಿದು ಸಾಗರ, ಹೊಸನಗರ, ತೀರ್ಥಹಳ್ಳಿಯ ನಮ್ಮ ಜಗಲಿ ಹತ್ತಿದರೆ ಏನು ಹೇಳೋಣ?

ಬರಲೇಬೇಡಿ ಎನ್ನುವವನು ನಾನಲ್ಲ. ಆದರೆ ಹಳೇ ಲೆಕ್ಕ ಮರೆಯಬಾರದು.

ವೆನಿಲಾ ನೆನಪಿದೆಯಲ್ಲ? ಮಡಗಾಸ್ಕರಿನಲ್ಲಿ ಚಂಡಮಾರುತ ಬಂದು ಅಲ್ಲಿನ ಬೆಳೆ ಹಾಳಾಯಿತು, ಇಲ್ಲಿ ದರ ಏರಿತು. 2003ರ ಸುಮಾರಿಗೆ ಹಸಿಕೋಡು ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತು. ಬೆಳಗಾಗೆದ್ದು ಹೂವಿಗೆ ಕೈಯಲ್ಲೇ ಪರಾಗಸ್ಪರ್ಶ ಮಾಡಿದೆವು. ಎರಡು-ಮೂರು ವರ್ಷದಲ್ಲಿ ದರ ನೂರರ ಕೆಳಗಿಳಿಯಿತು. ಮಡಗಾಸ್ಕರ್ ಚೇತರಿಸಿಕೊಂಡಿತ್ತು, ದೊಡ್ಡ ಕಂಪೆನಿಗಳು ಕೃತಕ ವೆನಿಲಿನ್‌ಗೆ ತಿರುಗಿದ್ದವು. ಬಳ್ಳಿ ನಮ್ಮ ತೋಟದ್ದು, ದರ ಮಾತ್ರ ಸಮುದ್ರದಾಚೆಯದು.

ಕೊಕ್ಕೋದ ಕತೆಯೂ ಹೀಗೇ ಶುರುವಾಯಿತು. ಕ್ಯಾಡ್‌ಬರಿ ಕಂಪೆನಿಯ ಪ್ರೋತ್ಸಾಹದಿಂದ ಅಡಿಕೆ ತೋಟಗಳಿಗೆ ಕೊಕ್ಕೋ ಹೊಕ್ಕಿತು. 1979-80ರ ಹೊತ್ತಿಗೆ ಜಾಗತಿಕ ದರ ಕುಸಿಯಿತು, ಕೊಳ್ಳುವವರು ಹಿಂದೆ ಸರಿದರು. ಆದರೆ ಮುಂದಿನದು ಬೇರೆ. 1973ರಲ್ಲಿ ಬೆಳೆಗಾರರೇ ಕಟ್ಟಿಕೊಂಡಿದ್ದ ಕ್ಯಾಂಪ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೇ ಎದ್ದಿತು. ಯಂತ್ರಗಳು ಹೊರದೇಶದ್ದೇ ಆದರೂ ಒಡೆತನ ಬೆಳೆಗಾರರದ್ದು. ವ್ಯತ್ಯಾಸ ಅಲ್ಲಿದೆ.

ನಮ್ಮಲ್ಲೂ 1939ರಿಂದ ಮ್ಯಾಮ್ಕೋಸ್ ಇದೆ. ಅಡಿಕೆಗೆ ಇರುವ ಈ ಆಸರೆ ಅಪ್ಪೆಮಿಡಿಗೆ, ಮುರುಗಲಿಗೆ, ಹಲಸಿಗೆ ಇಲ್ಲ. ಅಪ್ಪೆಮಿಡಿಗೆ ಭೌಗೋಳಿಕ ಗುರುತು ಸಿಕ್ಕಿದೆ, ನಿಜ. ಆದರೆ ಮರ ಗುತ್ತಿಗೆ ಹಿಡಿದವನು ಕೊಂಬೆ ಸಮೇತ ಕಡಿದೊಯ್ದರೆ ಆ ಗುರುತು ಯಾರಿಗೆ ಬೇಕು? ತೊಟ್ಟು ಸಮೇತ ಕೊಯ್ದು, ವಿಂಗಡಿಸಿ, ಉಪ್ಪಿಗೆ ಹಾಕಿಟ್ಟರೆ ಆತುರದಲ್ಲಿ ಮಾರಬೇಕಿಲ್ಲ. ಮುರುಗಲು ಸಿಪ್ಪೆ ಒಣಗಿಸಿಟ್ಟರೂ ಅಷ್ಟೇ. ಕಾಯುವ ಶಕ್ತಿ ಇದ್ದವನಿಗೆ ಮಾತ್ರ ಚೌಕಾಸಿ ಸಾಧ್ಯ. ಒಬ್ಬೊಬ್ಬರಿಂದ ಇದು ಆಗದು. ಊರಿಗೆ ಹತ್ತು-ಹದಿನೈದು ಮನೆ ಸೇರಿದರೆ ಆದೀತು.

ಕಂಪೆನಿ ಬಂದಾಗ ಈ ಗುಂಪೇ ಎದುರು ಕೂರಲಿ, ಮೂರು ಮಾತು ಕೇಳಲಿ. ದರ ಬಿದ್ದ ವರ್ಷವೂ ಕೊಳ್ಳುತ್ತೀರಾ, ಕನಿಷ್ಠ ದರ ಎಷ್ಟು? ಮಾಲು ತಿರಸ್ಕರಿಸುವುದು ಯಾರು, ಎಲ್ಲಿ ನಿಂತು? ದುಡ್ಡು ಎಷ್ಟು ದಿನದಲ್ಲಿ ಬರುತ್ತದೆ? ಮೂರಕ್ಕೂ ಉತ್ತರ ಕನ್ನಡದಲ್ಲೇ ಬರೆದು ಕೊಡಲಿ.

ಇನ್ನೊಂದು ಎಚ್ಚರ. 2020ರ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ರಾಜ್ಯದಲ್ಲಿ ಕೃಷಿಭೂಮಿ ಕೊಳ್ಳಬಹುದು. ಮಾಲು ಮಾರೋಣ, ಮಣ್ಣು ಬೇಡ. ಒಮ್ಮೆ ನೀರಿಗೆ ಭೂಮಿ ಬಿಟ್ಟುಕೊಟ್ಟವರ ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿರುವ ಸೀಮೆ ಇದು. ಹೊಸ ಬೆಳೆಗೆಂದು ಅಡಿಕೆ ಮರ ಕಡಿಯುವುದೂ ಬೇಡ. ಎಡೆಯಲ್ಲಿ ನಾಲ್ಕು ಸಾಲು ಹಾಕಿ ನೋಡಿದರೆ ಸಾಕು.

ಈ ಮಳೆಗಾಲ ಮುಗಿಯುವುದರೊಳಗೆ ನಿಮ್ಮೂರಿನಲ್ಲಿ ಅಪ್ಪೆ, ಮುರುಗಲು ಎಷ್ಟು ಮರ ಇವೆ ಎಂದು ಎಣಿಸಿಡಿ. ಕೊಳ್ಳುವವನು ಎಣಿಸುವ ಮೊದಲು ನಮಗೆ ಗೊತ್ತಿರಲಿ.