ಪ್ಲೇಸ್‌ಮೆಂಟ್ ಅಂದರೆ ಯಾವ ಪ್ಲೇಸ್‌ಮೆಂಟು?

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ದುಡಿದವನು ನಾನು. ದಾವಣಗೆರೆಯ ಶಾಖೆಯಲ್ಲಿ ಕೂತು ಎಷ್ಟು ಶಿಕ್ಷಣ ಸಾಲದ ಫೈಲಿಗೆ ಸಹಿ ಹಾಕಿದ್ದೇನೋ ಲೆಕ್ಕವಿಲ್ಲ. ಅಂಥವನು ಸ್ವಂತ ಮಗಳ ಆಫರ್ ಲೆಟರಿನ ಒಂದೇ ಒಂದು ಪದಕ್ಕೆ ಯಾಮಾರಿದೆ. ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರ ಎರಡು ವರ್ಷದ ಕೋರ್ಸು: ‘ಎಂಎಸ್ಸಿ ವಿತ್ ಇಂಡಸ್ಟ್ರಿಯಲ್ ಪ್ಲೇಸ್‌ಮೆಂಟ್’.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಅಂದರೆ ಕಂಪನಿಯವರೇ ಬರುವುದು, ಹುಡುಗರು ಇಸ್ತ್ರಿ ಅಂಗಿ ತೊಟ್ಟು ಸಾಲಾಗಿ ಕಾಯುವುದು, ಸಂಜೆಗೆ ಆಯ್ಕೆಯಾದವರ ಪಟ್ಟಿ ಬೀಳುವುದು. ಬ್ರಿಟನ್ನಿನಲ್ಲಿ ಅದು ಓದಿನದೇ ಒಂದು ಭಾಗ. ಕೆಲಸ ಮಾಡಿ, ವರದಿ ಬರೆದು, ಅಂಕ ಪಡೆಯಬೇಕು. ಕೆಲಸ ಹುಡುಕಿಕೊಳ್ಳುವ ಹೊಣೆ ಮಾತ್ರ ಸಾಮಾನ್ಯವಾಗಿ ವಿದ್ಯಾರ್ಥಿಯದೇ. ಬೆಂಗಳೂರಿನ ಕನ್ಸಲ್ಟೆನ್ಸಿಯ ಹುಡುಗ ‘ಪ್ಲೇಸ್‌ಮೆಂಟ್ ಕೋರ್ಸಲ್ಲೇ ಇದೆ ಸರ್’ ಅಂದಿದ್ದ. ಸುಳ್ಳೇನಲ್ಲ. ಕೋರ್ಸಲ್ಲೇ ಇತ್ತು.

ವೀಸಾ ನಿಯಮವನ್ನು ನಾನು ಬೈಯುವುದಿಲ್ಲ. ಪದವಿ, ಸ್ನಾತಕೋತ್ತರ ಓದುವವರು ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ವಾರವೆಂದರೆ ಸೋಮವಾರದಿಂದ ಭಾನುವಾರ. ಪ್ಲೇಸ್‌ಮೆಂಟ್ ಈ ಮಿತಿಯಿಂದ ಹೊರಗೆ, ಪೂರ್ಣಾವಧಿ ಮಾಡಬಹುದು. ಆದರೆ ಅದು ಕೋರ್ಸಿಗೆ ಸೇರಿದ್ದಾಗಿರಬೇಕು, ಮೌಲ್ಯಮಾಪನ ಆಗಬೇಕು, ಸಾಧಾರಣವಾಗಿ ಒಟ್ಟು ಅವಧಿಯ ಅರ್ಧವನ್ನು ಮೀರಬಾರದು. ಓದಿನ ಹೆಸರಲ್ಲಿ ಬರೀ ದುಡಿಮೆಗೆ ಹಚ್ಚುವವರನ್ನು ತಡೆಯಲು ಇಷ್ಟು ಬಿಗಿ ಬೇಕೇ ಬೇಕು.

ನನ್ನ ಸಿಟ್ಟು ಬೇರೆ ಕಡೆ ಇದೆ. ಮಗಳು ನೂರನಲವತ್ತಕ್ಕೂ ಹೆಚ್ಚು ಅರ್ಜಿ ಹಾಕಿದಳು. ರಾತ್ರಿ ಫೋನು: ‘ಅಪ್ಪಾಜಿ, ನಾವು ವೀಸಾ ಸ್ಪಾನ್ಸರ್ ಮಾಡಲ್ಲ ಅಂತಾರೆ.’ ಮಾಡಿ ಅಂತ ಕೇಳಿದವರು ಯಾರು? ಪ್ಲೇಸ್‌ಮೆಂಟಿನ ಅಷ್ಟೂ ದಿನ ಅವಳ ಸ್ಪಾನ್ಸರ್ ವಿಶ್ವವಿದ್ಯಾಲಯವೇ. ಕಂಪನಿಗೆ ಸ್ಪಾನ್ಸರ್ ಲೈಸೆನ್ಸೂ ಬೇಡ, ಅದರ ಶುಲ್ಕವೂ ಇಲ್ಲ. ಅವಳು ಕೊಡುವ ಶೇರ್ ಕೋಡನ್ನು ಸರ್ಕಾರದ ಜಾಲತಾಣದಲ್ಲಿ ಹಾಕಿ ವೀಸಾ ಪರಿಶೀಲಿಸಿ, ‘ಈ ಕೆಲಸ ಕೋರ್ಸಿನ ಭಾಗ’ ಎಂಬ ವಿಶ್ವವಿದ್ಯಾಲಯದ ಪತ್ರವನ್ನು ಫೈಲಿಗೆ ಹಾಕಿಕೊಂಡರೆ ಆಯಿತು. ಇದು ಅಲ್ಲಿನ ಎಷ್ಟೋ ಸಣ್ಣ ಕಂಪನಿಗಳ ಎಚ್‌ಆರ್‌ನವರಿಗೇ ಗೊತ್ತಿಲ್ಲ. ಆ ಪತ್ರವನ್ನಾದರೂ ಮೊದಲೇ ಕೊಡಿ ಎಂದು ಮಗಳು ವಿಶ್ವವಿದ್ಯಾಲಯದವರನ್ನು ಕೇಳಿದರೆ, ಕೆಲಸ ಸಿಕ್ಕ ಮೇಲೆ ಕೊಡುತ್ತೇವೆ ಅಂದರಂತೆ. ಮದುವೆ ನಿಶ್ಚಯವಾದ ಮೇಲೆ ಜಾತಕ ಕೊಡುತ್ತೇವೆ ಅಂದ ಹಾಗಾಯಿತು. ಈ ಮಗುವನ್ನು ತೆಗೆದುಕೊಳ್ಳಲು ನಿಮಗೆ ಯಾವ ಲೈಸೆನ್ಸೂ ಬೇಡ ಎಂದು ಒಂದು ಪುಟ ಬರೆದು ತರಗತಿ ಶುರುವಾದ ದಿನವೇ ಎಲ್ಲರ ಕೈಗೂ ಕೊಡಬಾರದೆ? ಖರ್ಚು ಒಂದು ಹಾಳೆ. ಅಷ್ಟೊಂದು ಶುಲ್ಕ ಕಟ್ಟಿದವರಿಗೆ ಅಷ್ಟೂ ಇಲ್ಲವೆ?

ಗಡುವು ಮುಗಿಯಿತು, ಪ್ಲೇಸ್‌ಮೆಂಟ್ ಸಿಗಲಿಲ್ಲ. ಅವಳನ್ನು ಒಂದು ವರ್ಷದ ಕೋರ್ಸಿಗೆ ಬದಲಾಯಿಸಿದರು. ಹೀಗಾದಾಗ ವಿಶ್ವವಿದ್ಯಾಲಯ ವೀಸಾ ಕೊಡುವ ಹೋಮ್ ಆಫೀಸಿಗೆ ತಿಳಿಸಲೇಬೇಕು, ವೀಸಾ ಅವಧಿಯೂ ಕುಗ್ಗುತ್ತದೆ. ವರ್ಷಕ್ಕೆ 776 ಪೌಂಡಿನ ಆರೋಗ್ಯ ಶುಲ್ಕವನ್ನು ಮಾತ್ರ ಪೂರ್ತಿ ಅವಧಿಗೆ ಮೊದಲೇ ಕಟ್ಟಿಸಿಕೊಂಡಿದ್ದರು.

ಆಮೇಲೆ ನನಗೆ ಹೊಳೆದದ್ದು ಬ್ಯಾಂಕಿನವನಿಗೆ ಮೊದಲೇ ಹೊಳೆಯಬೇಕಾದದ್ದು. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸು ಮುಗಿದು ಒಂದು ವರ್ಷಕ್ಕೆ ಶುರುವಾಗುತ್ತದೆ. ಕೋರ್ಸು ಗಿಡ್ಡವಾದರೆ ಕಂತೂ ಹತ್ತಿರ ಬರುತ್ತದೆ. ಈ ನಿಯಮವನ್ನು ಕೌಂಟರಿನ ಈಚೆ ಕೂತು ಎಷ್ಟು ಅಪ್ಪಂದಿರಿಗೆ ವಿವರಿಸಿದ್ದೇನೆ! ಇಂಥ ಕೋರ್ಸಿಗೆ ಸಾಲ ಕೊಡುವ ಮ್ಯಾನೇಜರುಗಳು ಕಂತಿನ ಲೆಕ್ಕವನ್ನು ಒಂದು ವರ್ಷಕ್ಕೂ ಹಾಕಿ, ಎರಡು ವರ್ಷಕ್ಕೂ ಹಾಕಿ ತೋರಿಸಲಿ. ನಾನಂತೂ ಯಾರಿಗೂ ತೋರಿಸಿರಲಿಲ್ಲ.

ಮಗಳು ಓದು ಮುಗಿಸಿ, ಗ್ರಾಜುಯೇಟ್ ವೀಸಾ ಪಡೆದು ಎರಡು ವರ್ಷದ ಮಟ್ಟಿಗೆ ಅಲ್ಲೇ ಇದ್ದಾಳೆ. ಆ ಎರಡು ವರ್ಷವೂ ಮುಂದೆ ಇರುವುದಿಲ್ಲ. 2027ರ ಜನವರಿ 1ರಿಂದ ಅರ್ಜಿ ಹಾಕುವ ಸ್ನಾತಕೋತ್ತರರಿಗೆ ಸಿಗುವುದು 18 ತಿಂಗಳು.

ಮೊನ್ನೆ ನಮ್ಮ ವಿದ್ಯಾನಗರದ ಪಕ್ಕದ ಮನೆ ಹುಡುಗ ಅಂಥದೇ ಕೋರ್ಸಿನ ಬ್ರೋಷರ್ ಹಿಡಿದು ಬಂದ. ಹೋದ ವರ್ಷ ಎಷ್ಟು ಜನ ಸೇರಿದರು, ಎಷ್ಟು ಜನರಿಗೆ ಪ್ಲೇಸ್‌ಮೆಂಟ್ ಸಿಕ್ಕಿತು ಅಂತ ಕನ್ಸಲ್ಟೆನ್ಸಿಯವರಿಂದ ಬರೆಸಿಕೊಂಡು ಬಾ ಅಂದೆ. ಅವರು ಕಳಿಸಿದ್ದು ಕೋಟು ಹಾಕಿಕೊಂಡು ನಗುತ್ತಿರುವ ಮೂವರ ಫೋಟೊ. ಎಷ್ಟು ಜನರಲ್ಲಿ ಈ ಮೂವರು ಅಂತ ಮತ್ತೆ ಕೇಳಿಸಿದ್ದೇನೆ.